ಮೂಗಿಗೆ ಹಿಡಿದ ಎಣ್ಣೆ ಕಣ್ಣಿಗೆ ಏನು ಮಾಡುತ್ತದೆ?

ಚಿಕ್ಕಬಳ್ಳಾಪುರದಲ್ಲಿ ವಿಜ್ಞಾನ ಶಿಕ್ಷಕರು ಮತ್ತು ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ.

ಶಿಡ್ಲಘಟ್ಟದ ಕಡೆಯವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಹಾಗಾಗಿ ರೇಷ್ಮೆ ನೂಲು ಬಿಚ್ಚಾಣಿಕೆಯಿಂದಲೇ ಶುರು ಮಾಡುತ್ತೇನೆ. 20–22 ಡೆನಿಯರ್ (ನೂಲಿನ ದಪ್ಪದ ಅಳತೆ) ನೂಲು ಬೇಕೆಂದರೆ ಎಂಟೋ ಒಂಬತ್ತೋ ರೇಷ್ಮೆ ಗೂಡುಗಳ ಎಳೆ ಒಟ್ಟಾಗಿ ಮೇಲೆ ಹೋಗುತ್ತಿರಬೇಕು. ಒಂದು ಗೂಡು ಮುಗಿಯಿತು, ಅಥವಾ ಅದರ ಎಳೆ ತುಂಡಾಯಿತು ಅಂದರೆ ಬೇಸಿನ್ ಮುಂದೆ ಕೂತವರು ಕೂಡಲೇ ಅದನ್ನು ಕಂಡು ಹೊಸ ಗೂಡಿನ ತುದಿ ಸೇರಿಸಬೇಕು. ಕಾಣದೇ ಹೋದರೆ ಅಷ್ಟು ಉದ್ದಕ್ಕೂ ನೂಲು ತೆಳ್ಳಗಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ಕಣ್ಣಿಗೆ ಬೀಳುತ್ತಿದ್ದ ತುಂಡು ಎಳೆ ಮಧ್ಯಾಹ್ನ ಮೂರಕ್ಕೆ ಬೀಳುವುದಿಲ್ಲ. ಕಣ್ಣು ಅದೇ ಕಣ್ಣು, ಬೆಳಕು ಅದೇ ಬೆಳಕು. ಜಾರಿರುವುದು ಗಮನ.

ಹೀಗೆ ಜಾರುವ ಗಮನವನ್ನು ಒಂದು ಸುಗಂಧ ತೈಲ ಹಿಡಿದು ನಿಲ್ಲಿಸಬಲ್ಲದೇ? ರೋಸ್‌ಮರಿ, ಪೆಪ್ಪರ್‌ಮಿಂಟ್, ನಿಂಬೆ, ನೀಲಗಿರಿ, ಯಾವ ಬಾಟಲಿ ತೆಗೆದರೂ ‘ಏಕಾಗ್ರತೆಗೆ’ ಅಂತ ಬರೆದಿರುತ್ತದೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅದಕ್ಕೆ ಆಧಾರ ಏನು ಅಂತ ನೋಡೋಣ. ಚೆನ್ನಾಗಿ ನಿದ್ದೆ ಮಾಡಿ ಚುರುಕಾಗಿ ಕೂತವರ ಗಮನವನ್ನು ಯಾವ ವಾಸನೆಯೂ ಇನ್ನಷ್ಟು ಹರಿತ ಮಾಡಿದ್ದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಬೇಸರ ಹಿಡಿಸುವ, ಒಂದೇ ತರಹದ ಕೆಲಸದಲ್ಲಿ ಎಚ್ಚರ ಇಳಿಯುತ್ತಾ ಹೋಗುವಾಗ, ಕೆಲವು ವಾಸನೆಗಳು ಆ ಇಳಿತವನ್ನು ಸ್ವಲ್ಪ ತಡೆಯುತ್ತವೆ. ಆ ‘ಸ್ವಲ್ಪ’ದಲ್ಲಿ ಎಷ್ಟು ಪಾಲು ಎಣ್ಣೆಯದು, ಎಷ್ಟು ಪಾಲು ನಮ್ಮ ನಿರೀಕ್ಷೆಯದು ಎಂಬುದನ್ನು ಬೇರ್ಪಡಿಸುವುದೇ ಈ ವಿಷಯದ ಕಷ್ಟ. ಅದನ್ನು ನಿಮ್ಮ ಕಾಲೇಜಿನಲ್ಲೇ ಬೇರ್ಪಡಿಸುವ ಒಂದು ಪ್ರಯೋಗವನ್ನೂ ಇವತ್ತು ಪೂರ್ತಿ ಹೇಳಿಕೊಡುತ್ತೇನೆ.

ಮೊದಲು ಗಮನ ಅಂದರೆ ಒಂದೇ ವಸ್ತು ಅಂದುಕೊಳ್ಳಬೇಡಿ. ಮೈಕೆಲ್ ಪೋಸ್ನರ್ ಮತ್ತು ಸ್ಟೀವನ್ ಪೀಟರ್ಸನ್ 1990ರಲ್ಲಿ ಮಾಡಿದ ವಿಂಗಡಣೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಏನಾದರೂ ಬಂದೀತು ಎಂದು ಎಚ್ಚರವಾಗಿ ಕಾಯುವುದು ಒಂದು. ಬಂದ ಕಡೆಗೆ ನೋಟ ಹರಿಸುವುದು ಇನ್ನೊಂದು. ಬೇಡದ್ದನ್ನು ಬದಿಗಿಟ್ಟು ಬೇಕಾದ್ದನ್ನೇ ಹಿಡಿದುಕೊಳ್ಳುವುದು ಮೂರನೆಯದು. ಮಿದುಳಿನಲ್ಲಿ ಇವು ಮೂರೂ ಬೇರೆ ಬೇರೆ ಜಾಲಗಳು. ಎಚ್ಚರದ ಜಾಲ ಮಿದುಳ ಕಾಂಡದಲ್ಲಿರುವ ಲೋಕಸ್ ಸೆರುಲಿಯಸ್ ಎಂಬ ಪುಟ್ಟ ಗಂಟಿನಿಂದ ಹೊರಡುವ ನಾರ್‌ಅಡ್ರಿನಲಿನ್ ಎಂಬ ನರರಾಸಾಯನಿಕದ ಮೇಲೆ ನಿಂತಿದೆ. ವಾಸನೆಯ ಬಗ್ಗೆ ಯಾರಾದರೂ ‘ಗಮನ ಹೆಚ್ಚಿತು’ ಅಂದರೆ, ಈ ಮೂರರಲ್ಲಿ ಯಾವುದು ಎಂದು ಕೇಳಿ. ಕೇಳದಿದ್ದರೆ ಒಂದು ಅಧ್ಯಯನ ಹೌದು ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ, ನೀವು ನಡುವೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಎಚ್ಚರ ಇಳಿಯುವುದನ್ನು ಮೊದಲು ಸರಿಯಾಗಿ ಅಳೆದವರು ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್. ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಪರದೆ ನೋಡುತ್ತಾ ಕೂತ ಸೈನಿಕರು ಶತ್ರುವಿನ ಚುಕ್ಕೆ ಕಣ್ಣೆದುರೇ ಇದ್ದರೂ ತಪ್ಪಿಸಿಕೊಳ್ಳುತ್ತಿದ್ದರು. ಏಕೆ ಎಂದು ತಿಳಿಯಲು ಮ್ಯಾಕ್‌ವರ್ತ್ ಅಂಕಿಗಳಿಲ್ಲದ ಒಂದು ಗಡಿಯಾರ ಮಾಡಿದರು. ಮುಳ್ಳು ಸೆಕೆಂಡಿಗೊಮ್ಮೆ ಒಂದು ಹೆಜ್ಜೆ ಹೋಗುತ್ತದೆ, 100 ಹೆಜ್ಜೆಗೆ ಒಂದು ಸುತ್ತು. ಅಪರೂಪಕ್ಕೆ, ಅರ್ಧ ಗಂಟೆಯಲ್ಲಿ 12 ಸಲ, ಎರಡು ಹೆಜ್ಜೆ ಒಟ್ಟಿಗೆ ಹಾರುತ್ತದೆ. ಹಾರಿದಾಗ ಗುಂಡಿ ಒತ್ತಬೇಕು. ಇದನ್ನು ಎರಡು ಗಂಟೆ ನೋಡಬೇಕು. 1948ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇದು: ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ತಪ್ಪುಗಳು ಎದ್ದು ಕಾಣುವಷ್ಟು ಏರುತ್ತವೆ. ಈ ಅರ್ಧ ಗಂಟೆಯನ್ನು ಜ್ಞಾಪಕ ಇಟ್ಟುಕೊಳ್ಳಿ. ಐದು ನಿಮಿಷದ ಆಟ ಆಡಿಸಿ ‘ಎಣ್ಣೆಯಿಂದ ಏನೂ ಆಗಲಿಲ್ಲ’ ಎಂದವರು ಇಳಿತ ಶುರುವಾಗುವ ಮುಂಚೆಯೇ ಅಳತೆ ಮುಗಿಸಿರುತ್ತಾರೆ.

ಈಗ ಮೂಗಿಗೆ ಬರೋಣ. ಮೂಗಿನ ಒಳಗಿನ ಛಾವಣಿಯಲ್ಲಿ ಘ್ರಾಣಕೋಶಗಳ ಒಂದು ಪದರ ಇದೆ. ಮನುಷ್ಯನಲ್ಲಿ ಕೆಲಸ ಮಾಡುವ, ವಾಸನೆಯ ಅಣುಗಳನ್ನು ಹಿಡಿಯುವ ಗ್ರಾಹಕಗಳ (ರಿಸೆಪ್ಟರ್) ಬಗೆ ಸುಮಾರು 400. ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಈ ಗ್ರಾಹಕ ಜೀನುಗಳನ್ನು 1991ರಲ್ಲಿ ಗುರುತಿಸಿದರು, 2004ರಲ್ಲಿ ಅದಕ್ಕೆ ನೊಬೆಲ್ ಬಂತು. ನೋಟ, ಶ್ರವಣ, ಸ್ಪರ್ಶ ಎಲ್ಲವೂ ಥಲಾಮಸ್ ಎಂಬ ಠಾಣೆಯ ಮೂಲಕ ಮಿದುಳ ಹೊರಪದರಕ್ಕೆ ಹೋಗುತ್ತವೆ. ವಾಸನೆ ಮಾತ್ರ ಅಲ್ಲಿ ನಿಲ್ಲದೆ ನೇರವಾಗಿ ಘ್ರಾಣ ಪ್ರದೇಶಕ್ಕೂ, ಭಾವನೆಗಳನ್ನು ನೋಡಿಕೊಳ್ಳುವ ಅಮಿಗ್ಡಲಾಕ್ಕೂ ತಲುಪುತ್ತದೆ. ವಾಸನೆ ಬಂದೊಡನೆ ಮನಸ್ಸಿನ ಹದ ಬದಲಾಗುವುದಕ್ಕೆ ಇದೊಂದು ಕಾರಣ.

ಮೂಗಿನಲ್ಲಿ ಇನ್ನೊಂದು ನರವೂ ಇದೆ, ಟ್ರೈಜೆಮಿನಲ್. ಈ ವಿಷಯದಲ್ಲಿ ಬಹಳ ಜನ ಇದನ್ನು ಮರೆತೇ ಮಾತಾಡುತ್ತಾರೆ, ನನ್ನ ಮಟ್ಟಿಗೆ ಅರ್ಧ ಗೊಂದಲ ಅಲ್ಲಿಂದಲೇ ಹುಟ್ಟುವುದು. ಮೆಣಸಿನಕಾಯಿ ಹುರಿದಾಗ ಬರುವ ಘಾಟು, ಕರ್ಪೂರದ ಚುರುಕು, ಪೆಪ್ಪರ್‌ಮಿಂಟಿನ ತಣುಪು ಇವನ್ನೆಲ್ಲ ಹಿಡಿಯುವುದು ಈ ನರ. ಮುಖದ ನೋವು, ಬಿಸಿ, ತಂಪು ತಿಳಿಸುವ ನರವೂ ಇದೇ. ಪೆಪ್ಪರ್‌ಮಿಂಟಿನಲ್ಲಿರುವ ಮೆಂಥಾಲ್, ನೀಲಗಿರಿ ಮತ್ತು ರೋಸ್‌ಮರಿಯಲ್ಲಿರುವ ಸಿನಿಯೋಲ್, ಎರಡೂ ಟಿಆರ್‌ಪಿಎಂ8 ಎಂಬ ತಂಪು ಗ್ರಾಹಕವನ್ನು ತಟ್ಟುತ್ತವೆ. ಮೂಗಿನಲ್ಲಿ ನಿಜವಾಗಿ ತಂಪಾಗಿರುವುದಿಲ್ಲ, ತಂಪಾಯಿತು ಎಂಬ ಸುದ್ದಿ ಮಾತ್ರ ಹೋಗುತ್ತದೆ. ಉಷ್ಣ ಮತ್ತು ಸ್ಪರ್ಶ ಗ್ರಾಹಕಗಳ ಕೆಲಸಕ್ಕಾಗಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ 2021ರ ನೊಬೆಲ್ ಪಡೆದರು. ಟ್ರೈಜೆಮಿನಲ್ ಸುದ್ದಿ ಮಿದುಳ ಕಾಂಡಕ್ಕೆ ಹೋಗುತ್ತದೆ, ಅಂದರೆ ಎಚ್ಚರದ ಜಾಲ ಹೊರಡುವ ಜಾಗದ ಬಗಲಿಗೇ. ಇದಕ್ಕೆ ವಿರುದ್ಧವಾಗಿ ಗುಲಾಬಿಯ ಮುಖ್ಯ ಪರಿಮಳವಾದ ಫಿನೈಲ್ ಈಥೈಲ್ ಆಲ್ಕೋಹಾಲ್‌ನಲ್ಲಿ ಘಾಟು ಇಲ್ಲವೆಂದೇ ಹೇಳಬಹುದು. ವಾಸನೆ ಶಕ್ತಿ ಪೂರ್ತಿ ಹೋದವರಿಗೂ ಮೆಂಥಾಲ್ ಹಿಡಿದರೆ ಗೊತ್ತಾಗುತ್ತದೆ, ಗುಲಾಬಿ ಹಿಡಿದರೆ ಗೊತ್ತಾಗುವುದಿಲ್ಲ. ಈ ವ್ಯತ್ಯಾಸವನ್ನೇ ನಮ್ಮ ಪ್ರಯೋಗದಲ್ಲಿ ಬಳಸಿಕೊಳ್ಳಲಿದ್ದೇವೆ.

ಕಣ್ಣಿನ ಗಮನದ ಬಗ್ಗೆ ಹೆಚ್ಚು ಉಲ್ಲೇಖವಾಗುವ ಅಧ್ಯಯನ ಜೋಯೆಲ್ ವಾರ್ಮ್, ವಿಲಿಯಂ ಡೆಂಬರ್ ಮತ್ತು ರಾಜಾ ಪರಶುರಾಮನ್ ಅವರದು, 1991. ಪರದೆಯ ಮೇಲೆ ಆಗಾಗ ಮೂಡುವ ಗುರುತಿಗಾಗಿ ಕಾಯುವ 40 ನಿಮಿಷದ ಕೆಲಸ. ನಡು ನಡುವೆ ಒಂದೊಂದು ಉಸಿರಿನಷ್ಟು ಗಾಳಿ ಮೂಗಿಗೆ ಬಿಡುತ್ತಾರೆ. ಒಂದು ಗುಂಪಿಗೆ ಪೆಪ್ಪರ್‌ಮಿಂಟ್, ಒಂದು ಗುಂಪಿಗೆ ಮ್ಯುಗೆ ಎಂಬ ಹೂವಿನ ಪರಿಮಳ, ಇನ್ನೊಂದಕ್ಕೆ ಬರಿ ಗಾಳಿ. ವಾಸನೆ ಸಿಕ್ಕ ಎರಡೂ ಗುಂಪಿನವರು ಬರಿ ಗಾಳಿಯವರಿಗಿಂತ ಹೆಚ್ಚು ಗುರುತುಗಳನ್ನು ಹಿಡಿದರು. ಆದರೆ ಕೆಲಸದ ಆಯಾಸ, ಒತ್ತಡ ಕಡಿಮೆಯಾಯಿತು ಎಂದು ಅವರು ಹೇಳಲಿಲ್ಲ. ಇಲ್ಲಿ ಎರಡು ಸಂಗತಿ ಗಮನಿಸಿ. ಚುರುಕು ಎಂದು ಹೆಸರಾದ ಪೆಪ್ಪರ್‌ಮಿಂಟ್ ಮತ್ತು ನೆಮ್ಮದಿ ಕೊಡುತ್ತದೆ ಎನ್ನುವ ಹೂವಿನ ವಾಸನೆ, ಎರಡೂ ಒಂದೇ ಕೆಲಸ ಮಾಡಿವೆ. ಮತ್ತು ವಾಸನೆಯನ್ನು ಕೋಣೆಯ ತುಂಬ ಹರಡಿ ಬಿಟ್ಟಿರಲಿಲ್ಲ, ಬಿಟ್ಟು ಬಿಟ್ಟು ಕೊಟ್ಟಿದ್ದರು.

ಬಿಟ್ಟು ಬಿಟ್ಟು ಕೊಡುವುದು ಯಾಕೆ ಮುಖ್ಯ ಎಂದು ನಿಮಗೆ ಅನುಭವದಿಂದ ಗೊತ್ತಿದೆ. ಗೂಡು ಬೇಯಿಸುವ ಶೆಡ್ಡಿಗೆ ಹೊಸಬರು ಕಾಲಿಟ್ಟರೆ ಹುಳದ ವಾಸನೆ ಮುಖಕ್ಕೆ ರಾಚುತ್ತದೆ, ಅಲ್ಲೇ ಕೆಲಸ ಮಾಡುವವರಿಗೆ ಅದು ಇದೆ ಅನ್ನಿಸುವುದೇ ಇಲ್ಲ. ಒಂದೇ ವಾಸನೆ ನಿಲ್ಲದೆ ಬರುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಮೂಗು ಅದಕ್ಕೆ ಒಗ್ಗಿಕೊಂಡುಬಿಡುತ್ತದೆ. ಡಿಫ್ಯೂಸರ್ (ವಾಸನೆ ಹರಡುವ ಸಾಧನ) ಹಚ್ಚಿ ಇಡೀ ರಾತ್ರಿ ಓದುವ ಮಕ್ಕಳು ಮೊದಲ ಹತ್ತು ಹದಿನೈದು ನಿಮಿಷದ ಮೇಲೆ ಹೆಚ್ಚುಕಡಿಮೆ ಖಾಲಿ ಗಾಳಿಯಲ್ಲೇ ಓದುತ್ತಿರುತ್ತಾರೆ. ಹಾಗೆಂದು ಇನ್ನೆರಡು ಹನಿ ಹಾಕಿದರೆ ತಲೆನೋವು ಬರುತ್ತದೆ, ಗಮನ ಬರುವುದಿಲ್ಲ. ಇನ್ನು ಗೂಡು ಬೇಯಿಸುವ ಶೆಡ್ಡಿನಲ್ಲೇ ಎಣ್ಣೆ ಹರಡಿದರೆ ಹೇಗೆ ಎಂದು ಕೇಳಿದರೆ, ಅಲ್ಲಿ ಅದು ನಿಲ್ಲುವುದಿಲ್ಲ ಅಂತಲೇ ಹೇಳುತ್ತೇನೆ. ಉಗಿ, ಹೊಗೆ, ಹುಳದ ವಾಸನೆ ಇದನ್ನು ಮುಚ್ಚಿಹಾಕುತ್ತವೆ. ಅಲ್ಲಿನವರಿಗೆ ಬೇಕಾದ್ದು ಕಿಟಕಿ, ಗಾಳಿ ಎಳೆಯುವ ಫ್ಯಾನು, ಸರದಿಯ ಮೇಲೆ ಬಿಡುವು.

ಇನ್ನೊಂದು ಹೆಸರಾದ ಅಧ್ಯಯನ ಇಂಗ್ಲೆಂಡಿನ ನಾರ್ತಂಬ್ರಿಯಾ ವಿಶ್ವವಿದ್ಯಾಲಯದ ಮಾರ್ಕ್ ಮಾಸ್ ತಂಡದ್ದು, 2003. 144 ಜನ, ಮೂರು ಗುಂಪು: ರೋಸ್‌ಮರಿ, ಲ್ಯಾವೆಂಡರ್, ವಾಸನೆ ಇಲ್ಲದ ಕೋಣೆ. ಪರೀಕ್ಷೆ ಮುಗಿಯುವ ತನಕ ನಿಜವಾದ ಉದ್ದೇಶ ಏನು ಎಂದು ಯಾರಿಗೂ ಹೇಳಿರಲಿಲ್ಲ, ಅದೇ ಈ ಅಧ್ಯಯನದ ಬಲ. ಲ್ಯಾವೆಂಡರ್ ಗುಂಪಿನಲ್ಲಿ ಗಮನದ ಕೆಲಸಗಳಿಗೂ ನೆನಪಿನ ಕೆಲಸಗಳಿಗೂ ಪ್ರತಿಕ್ರಿಯೆ ನಿಧಾನವಾಯಿತು. ರೋಸ್‌ಮರಿಯಲ್ಲಿ ನೆನಪಿನ ಗುಣಮಟ್ಟ ಸುಧಾರಿಸಿತು, ಆದರೆ ನೆನಪು ಮಾಡಿಕೊಳ್ಳುವ ವೇಗ ಕುಗ್ಗಿತು. ಈಗ ಬಾಟಲಿಗಳ ಮೇಲಿನ ಮಾತಿಗೆ ಹಿಂತಿರುಗಿ. ‘ರೋಸ್‌ಮರಿಯಿಂದ ಏಕಾಗ್ರತೆ ಹೆಚ್ಚುತ್ತದೆಂದು ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ’ ಎನ್ನುವವರು ಬಹುಮಟ್ಟಿಗೆ ಇದೇ ಅಧ್ಯಯನದ ಕಡೆ ಬೆರಳು ಮಾಡುತ್ತಾರೆ. ಅದು ಹೇಳಿದ್ದು ನೆನಪಿನ ಮಾತು. ಕಣ್ಣಿನ ಗಮನ ಚುರುಕಾಯಿತು ಎಂಬ ಮಾತು ಅದರಲ್ಲಿ ಇಲ್ಲ.

ಹಾಗಾದರೆ ಲ್ಯಾವೆಂಡರ್ ಗಮನಕ್ಕೆ ಕೆಟ್ಟದ್ದೇ? ಫ್ರಾನ್ಸಿನ ಮಿಲೋ, ಬ್ರಾಂಡ್ ಮತ್ತು ಮೊರಾಂ 2002ರಲ್ಲಿ ಕೋಣೆಯಲ್ಲಿ ಲ್ಯಾವೆಂಡರ್ ಹರಡಿ, ಆಮೇಲೆ ಪಿರಿಡಿನ್ ಎಂಬ ಅಸಹ್ಯ ವಾಸನೆಯ ರಾಸಾಯನಿಕ ಹರಡಿ, ಬೆಳಕು ಕಂಡೊಡನೆ ಗುಂಡಿ ಒತ್ತುವ ಸರಳ ಪರೀಕ್ಷೆ ಮಾಡಿದರು. ಸುವಾಸನೆ ಇರಲಿ ದುರ್ವಾಸನೆ ಇರಲಿ, ವಾಸನೆ ಇಲ್ಲದ ಕೋಣೆಗಿಂತ ಎರಡರಲ್ಲೂ ಜನ ಬೇಗ ಒತ್ತಿದರು. ಅಂದರೆ ಕೋಣೆಯಲ್ಲಿ ಏನೋ ಇದೆ ಎಂಬುದೇ ಎಚ್ಚರಿಸಲು ಸಾಕಾಯಿತು. ಜಪಾನಿನ ಸಕಾಮೋಟೊ ತಂಡದ 2005ರ ಕೆಲಸದ ತಿರುಳು ಇಷ್ಟು: ಕಂಪ್ಯೂಟರ್ ಕೆಲಸದ ಹೊತ್ತಿನಲ್ಲಿ ಕೊಡದೆ, ನಡುವಿನ ಬಿಡುವಿನಲ್ಲಿ ಲ್ಯಾವೆಂಡರ್ ಕೊಟ್ಟರು. ದಣಿವು ಏರುವ ಮಧ್ಯಾಹ್ನದ ಪಾಳಿಯಲ್ಲಿ ಆ ಗುಂಪಿನ ಏಕಾಗ್ರತೆ ಉಳಿದವರಷ್ಟು ಕುಸಿಯಲಿಲ್ಲ. ಕೆಲಸ ಮಾಡುವಾಗ ಎಳೆದು ನಿಧಾನ ಮಾಡುವ ಅದೇ ಎಣ್ಣೆ, ಬಿಡುವಿನಲ್ಲಿ ಕೊಟ್ಟರೆ ಬಿಡುವನ್ನು ಪೂರ್ತಿ ಬಿಡುವಾಗಿಸಿರಬಹುದು. ಯಾವಾಗ ಮೂಸಿದಿರಿ ಎಂಬುದು ಯಾವುದನ್ನು ಮೂಸಿದಿರಿ ಎಂಬುದರಷ್ಟೇ ದೊಡ್ಡ ಪ್ರಶ್ನೆ.

ಇನ್ನು ನಿರೀಕ್ಷೆ. ಕ್ಯಾಂಪೆನಿ, ಕ್ರಾಲಿ, ಮೈಯರ್ ಎಂಬುವರು 2004ರಲ್ಲಿ ಲ್ಯಾವೆಂಡರ್, ನೆರೋಲಿ (ಕಿತ್ತಳೆ ಹೂವಿನ ಎಣ್ಣೆ) ಮತ್ತು ವಾಸನೆಯೇ ಇಲ್ಲದ ಒಂದು ಡಮ್ಮಿ ಇಟ್ಟುಕೊಂಡು, ಕೆಲವರಿಗೆ ಇದು ಹಿತ ಕೊಡುತ್ತದೆ, ಕೆಲವರಿಗೆ ಇದು ಉತ್ತೇಜನ ಕೊಡುತ್ತದೆ ಎಂದು ಹೇಳಿ ನೋಡಿದರು. ಹಿತ ಎಂದು ಕೇಳಿದವರ ಎದೆಬಡಿತ ಇಳಿಯಿತು, ಉತ್ತೇಜನ ಎಂದು ಕೇಳಿದವರದು ಏರಿತು. ಮೂಗಿನ ಮುಂದೆ ಏನಿತ್ತು ಎಂಬುದು ಹೆಚ್ಚುಕಡಿಮೆ ಲೆಕ್ಕಕ್ಕೇ ಬರಲಿಲ್ಲ. ಇಲ್ಮ್‌ಬರ್ಗರ್ ತಂಡ 2001ರಲ್ಲಿ ಪೆಪ್ಪರ್‌ಮಿಂಟ್, ಮಲ್ಲಿಗೆ, ಯಲಾಂಗ್ ಯಲಾಂಗ್ ಎಂಬ ಹೂವಿನ ಎಣ್ಣೆ, ಸಿನಿಯೋಲ್, ಮೆಂಥಾಲ್ ಎಲ್ಲವನ್ನೂ ಪ್ರತಿಕ್ರಿಯೆಯ ವೇಗದ ಮೇಲೆ ಪರೀಕ್ಷಿಸಿತ್ತು. ಎಣ್ಣೆಯ ನೇರ ಪರಿಣಾಮಕ್ಕಿಂತ, ಆ ವಾಸನೆ ತಮಗೆ ಎಷ್ಟು ಹಿಡಿಸಿತು, ಎಷ್ಟು ಚುರುಕು ಅನ್ನಿಸಿತು ಎಂದು ಜನ ಹೇಳಿದ್ದಕ್ಕೂ ಅವರ ವೇಗಕ್ಕೂ ನಂಟು ಕಂಡಿತು.

ನಮ್ಮ ರಾಜ್ಯದ ಶ್ರೀಗಂಧವನ್ನು ಬಿಟ್ಟು ಮುಂದೆ ಹೋಗಲಾರೆ. ಗಂಧ ತಂಪು, ಮನಸ್ಸನ್ನು ಇಳಿಸುತ್ತದೆ ಎಂಬುದು ನಮ್ಮ ರೂಢಿಯ ಮಾತು. ಹಾಯ್‌ಬರ್ಗರ್ ಮತ್ತು ಸಂಗಡಿಗರು 2006ರಲ್ಲಿ ಭಾರತದ ಶ್ರೀಗಂಧದ ಎಣ್ಣೆಯನ್ನೂ ಅದರ ಮುಖ್ಯ ಘಟಕ ಆಲ್ಫಾ ಸ್ಯಾಂಟಲಾಲನ್ನೂ ಮೂಸಿಸಿ ನೋಡಿದಾಗ, ಎಣ್ಣೆಯ ಗುಂಪಿನಲ್ಲಿ ನಾಡಿ, ರಕ್ತದೊತ್ತಡ ಏರುವ ಕಡೆಗೆ ಇದ್ದವು. ಹೆಚ್ಚು ಎಚ್ಚರ ಅನ್ನಿಸುತ್ತಿದೆ ಎಂದವರು ಸ್ಯಾಂಟಲಾಲ್ ಗುಂಪಿನವರು. ಅದಕ್ಕೂ ಆ ವಾಸನೆಯನ್ನು ಅವರು ಹೇಗೆ ಗ್ರಹಿಸಿದರು ಎಂಬುದೇ ಮುಖ್ಯ ಕಾರಣ ಎಂದು ಸಂಶೋಧಕರು ಬರೆದರು. ಹುಟ್ಟಿದಾಗಿನಿಂದ ದೇವರ ಮನೆಯಲ್ಲಿ ಗಂಧ ತೇಯುವುದನ್ನು ಕಂಡ ನಮ್ಮ ಮಕ್ಕಳಲ್ಲಿ ಇದೇ ಪ್ರಯೋಗ ಬೇರೆ ಫಲ ಕೊಡುವ ಸಾಧ್ಯತೆ ಬಹಳ. ಮಾಡಿ ನೋಡಬೇಕಾದ ಕೆಲಸ ಇದು.

ಇದುವರೆಗೆ ಎಚ್ಚರದ ಮಾತಾಯಿತು. ನೋಟ ಹರಿಸುವ ವಿಷಯದಲ್ಲಿ ವಾಸನೆಯ ಪ್ರಭಾವ ನನ್ನ ದೃಷ್ಟಿಯಲ್ಲಿ ಇನ್ನೂ ಸ್ಪಷ್ಟ, ಇನ್ನೂ ಸೊಗಸು. 2010ರಲ್ಲಿ ವೆನ್ ಝೌ ತಂಡ ಒಂದು ಕಣ್ಣಿಗೆ ಗುಲಾಬಿಯ ಚಿತ್ರ, ಇನ್ನೊಂದು ಕಣ್ಣಿಗೆ ಮಾರ್ಕರ್ ಪೆನ್ನಿನ ಚಿತ್ರ ತೋರಿಸಿತು. ಹೀಗೆ ಮಾಡಿದಾಗ ಮಿದುಳು ಎರಡನ್ನೂ ಬೆರೆಸುವುದಿಲ್ಲ, ಸ್ವಲ್ಪ ಹೊತ್ತು ಗುಲಾಬಿ, ಸ್ವಲ್ಪ ಹೊತ್ತು ಪೆನ್ನು ಎಂದು ಸರದಿಯಲ್ಲಿ ಕಾಣಿಸುತ್ತದೆ. ಗುಲಾಬಿಯ ವಾಸನೆ ಮೂಸುವಾಗ ಗುಲಾಬಿ ಹೆಚ್ಚು ಹೊತ್ತು ಕಂಡಿತು, ಪೆನ್ನಿನ ವಾಸನೆಗೆ ಪೆನ್ನು. ಚಿತ್ರಗಳ ಗುಂಪಿನಲ್ಲಿ ಹುಡುಕಿಸಿದ ಮುಂದಿನ ಪ್ರಯೋಗಗಳಲ್ಲೂ ವಾಸನೆಗೆ ಹೊಂದುವ ವಸ್ತುವಿನ ಕಡೆ ನೋಟ ತಾನಾಗಿ ಎಳೆಯಲ್ಪಟ್ಟಿತು. ಇಲ್ಲಿನ ಹೂವಿನ ಮಾರುಕಟ್ಟೆಗೆ ಬೆಳಗ್ಗೆ ಹೋಗಿ ನೋಡಿ. ಸೇವಂತಿಗೆ ರಾಶಿಗಳ ನಡುವೆ ಒಂದು ಮಲ್ಲಿಗೆ ಬುಟ್ಟಿ ಇದ್ದರೆ ಮೂಗಿಗೆ ಮೊದಲು ಬಂದು ಕಣ್ಣನ್ನು ಆ ಕಡೆ ತಿರುಗಿಸುತ್ತದೆ. ಇದರಿಂದ ಒಂದು ತೊಂದರೆಯೂ ಇದೆ: ನೀವು ಹುಡುಕುತ್ತಿರುವುದಕ್ಕೂ ವಾಸನೆಗೂ ಸಂಬಂಧವಿಲ್ಲದಿದ್ದರೆ ಅದು ಗಮನವನ್ನು ಬೇರೆ ಕಡೆ ಒಯ್ಯಲೂಬಹುದು.

ಈಗ ಪ್ರಯೋಗ. ಇದಕ್ಕೆ ಕಂಪ್ಯೂಟರ್ ಬೇಡ. ಒಂದು ಹಾಳೆಯಲ್ಲಿ 25 ಸಾಲು, ಸಾಲಿಗೆ 40 ಅಕ್ಷರ, ಒಟ್ಟು 1000 ಅಕ್ಷರ ಅಚ್ಚು ಮಾಡಿ. ಅಕ್ಷರಗಳು ಪ, ಫ, ಷ, ವ, ಮ. ಇವು ನೋಡಲು ಒಂದಕ್ಕೊಂದು ಹತ್ತಿರ, ಹಾಗಾಗಿ ಕಣ್ಣು ಓಡಿಸಿದರೆ ತಪ್ಪುತ್ತದೆ, ನಿಲ್ಲಿಸಿ ನೋಡಬೇಕು. ಅವುಗಳಲ್ಲಿ ‘ಷ’ ಹಾಳೆಗೆ ಸರಿಯಾಗಿ 100 ಇರಲಿ, ಸಾಲಿಗೆ ಇಷ್ಟೇ ಎಂಬ ಕ್ರಮ ಬೇಡ. ಹುಡುಗರು ಬಹಳ ಬೇಗ ಕ್ರಮ ಹಿಡಿಯುತ್ತಾರೆ. ಕೆಲಸ ಒಂದೇ: ಎಡದಿಂದ ಬಲಕ್ಕೆ ಓದುತ್ತಾ ‘ಷ’ ಕಂಡಲ್ಲೆಲ್ಲ ಗೀಟು ಹಾಕುವುದು. ಹಾಳೆಗೆ 5 ನಿಮಿಷ, ಹೊತ್ತಾದೊಡನೆ ನಿಂತ ಜಾಗಕ್ಕೆ ಒಂದು ಗುರುತು. ಹೀಗೆ ಆರು ಹಾಳೆ, ಆರಕ್ಕೂ ಅಕ್ಷರಗಳ ಜೋಡಣೆ ಬೇರೆ. ಒಟ್ಟು 30 ನಿಮಿಷ. ಮ್ಯಾಕ್‌ವರ್ತ್ ಹೇಳಿದ ಇಳಿತ ಕಾಣಲು ಇಷ್ಟು ಉದ್ದ ಬೇಕೇ ಬೇಕು.

ಮೂಸಲು ಮೂರು ಬಗೆ. ಒಂದು ಪೆಪ್ಪರ್‌ಮಿಂಟ್. ಎರಡನೆಯದು ಗುಲಾಬಿ. ನಿಜವಾದ ಗುಲಾಬಿ ಎಣ್ಣೆ ಬಹಳ ದುಬಾರಿ, ಅದರ ಬದಲು ಫಿನೈಲ್ ಈಥೈಲ್ ಆಲ್ಕೋಹಾಲ್ ಅನ್ನು ಪ್ರಯೋಗಾಲಯದ ರಾಸಾಯನಿಕ ಮಾರುವವರಲ್ಲಿ ತರಿಸಿ. ಮೂರನೆಯದು ವಾಸನೆಯೇ ಇಲ್ಲದ ಲಿಕ್ವಿಡ್ ಪ್ಯಾರಾಫಿನ್. ಉಳಿದ ಎರಡನ್ನೂ ಇದೇ ಪ್ಯಾರಾಫಿನ್‌ನಲ್ಲಿ ತೆಳುಮಾಡಬೇಕು. 20 ಹನಿ ಸುಮಾರು 1 ಮಿಲಿ. 5 ಮಿಲಿ ಪ್ಯಾರಾಫಿನ್‌ಗೆ 2 ಹನಿ ಪೆಪ್ಪರ್‌ಮಿಂಟ್ ಹಾಕಿದರೆ ನೂರಕ್ಕೆ ಎರಡರಷ್ಟಾಯಿತು, ಅಲ್ಲಿಂದ ಶುರು ಮಾಡಿ. ಪ್ರಯೋಗಕ್ಕೆ ಸೇರದ ಐದಾರು ಮಂದಿಯ ಕೈಲಿ ಎರಡನ್ನೂ ಮೂಸಿಸಿ ಸೊನ್ನೆಯಿಂದ ಹತ್ತರವರೆಗೆ ತೀಕ್ಷ್ಣತೆಗೆ ಅಂಕ ಹಾಕಿಸಿ, ಅಂಕ ಸಮವಾಗುವ ತನಕ ಹನಿ ಹೆಚ್ಚು ಕಡಿಮೆ ಮಾಡಿ. ಇದನ್ನು ಬಿಟ್ಟರೆ ಆಮೇಲೆ ನೀವು ಹೋಲಿಸುವುದು ಎಣ್ಣೆಗಳನ್ನಲ್ಲ, ಜೋರು ವಾಸನೆಯನ್ನೂ ಮೆಲು ವಾಸನೆಯನ್ನೂ. 10 ಮಿಲಿಯ ಕಂದು ಗಾಜಿನ ಸೀಸೆಯಲ್ಲಿ ಹತ್ತಿ ಇಟ್ಟು ಈ ದ್ರಾವಣ ಹಾಕಿ. ಸೀಸೆಗಳ ಮೇಲೆ ಅಂಕಿ ಮಾತ್ರ ಇರಲಿ. ಯಾವ ಅಂಕಿ ಯಾವುದು ಎಂಬ ಪಟ್ಟಿ, ಹಾಳೆ ತಿದ್ದುವವರಿಗೆ ಸಿಗದ ಹಾಗೆ ಮೂರನೆಯವರೊಬ್ಬರ ಬಳಿ ಇರಲಿ.

ಪ್ರತಿ ಹಾಳೆಗೂ ಮುಂಚೆ 30 ಸೆಕೆಂಡು, ಸೀಸೆಯನ್ನು ಮೂಗಿನ ಕೆಳಗೆ ನಾಲ್ಕೈದು ಸೆಂಟಿಮೀಟರ್ ದೂರ ಹಿಡಿದು ಸಹಜವಾಗಿ ಉಸಿರಾಡಬೇಕು. ಪ್ಯಾರಾಫಿನ್ ದಿನವೂ ಹೀಗೇ ಹಿಡಿಯಬೇಕು, ತಪ್ಪಿಸಬಾರದು. ಏಕೆಂದರೆ 30 ಸೆಕೆಂಡು ಪೆನ್ನು ಕೆಳಗಿಟ್ಟು ತಲೆಯೆತ್ತಿ ಉಸಿರೆಳೆದರೇ ಗಮನ ಸ್ವಲ್ಪ ಚಿಗುರುತ್ತದೆ. ವಾಸನೆಯ ಗುಂಪಿಗೆ ಮಾತ್ರ ಈ ಬಿಡುವು ಕೊಟ್ಟು, ಬಂದ ಲಾಭವನ್ನೆಲ್ಲ ಎಣ್ಣೆಯ ಖಾತೆಗೆ ಬರೆಯುವುದು ಈ ಬಗೆಯ ಪ್ರಯೋಗಗಳಲ್ಲಿ ಅತಿ ಸಾಮಾನ್ಯ ತಪ್ಪು.

24 ವಿದ್ಯಾರ್ಥಿಗಳು ಸಾಕು. ಒಬ್ಬೊಬ್ಬರೂ ಮೂರು ಬಗೆಯನ್ನೂ ಮೂರು ಬೇರೆ ದಿನ ಮಾಡಬೇಕು, ನಡುವೆ ವಾರದ ಅಂತರ, ದಿನದ ಹೊತ್ತು ಒಂದೇ. ಊಟದ ನಂತರದ ಎರಡು ಗಂಟೆ ಒಳ್ಳೆಯ ಹೊತ್ತು, ಇಳಿತ ಚೆನ್ನಾಗಿ ಕಾಣುತ್ತದೆ. ಮೂರು ಬಗೆಗೆ ಆರು ಅನುಕ್ರಮ ಆಗುತ್ತವೆ, ಅನುಕ್ರಮಕ್ಕೆ ನಾಲ್ವರಂತೆ ಹಂಚಿ. ಎಲ್ಲರಿಗೂ ಮೊದಲ ವಾರ ಪ್ಯಾರಾಫಿನ್, ಕೊನೆಯ ವಾರ ಪೆಪ್ಪರ್‌ಮಿಂಟ್ ಕೊಟ್ಟರೆ ಪೆಪ್ಪರ್‌ಮಿಂಟ್ ಗೆದ್ದೇ ಗೆಲ್ಲುತ್ತದೆ, ಗೀಟು ಹಾಕಿ ಹಾಕಿ ಕೈ ಪಳಗಿರುತ್ತದೆ ಅಷ್ಟೇ. ಒಂದೇ ದಿನ ಒಂದೇ ಕೋಣೆಯಲ್ಲಿ ಎರಡು ವಾಸನೆ ಬೇಡ. ನೆಗಡಿ ಇದ್ದವರನ್ನು ಆ ದಿನ ಬಿಡಿ. ತಲೆಗೆ ಮಲ್ಲಿಗೆ, ಘಮಘಮ ಎನ್ನುವ ತಲೆಯೆಣ್ಣೆ, ಸೆಂಟು, ಬಾಯಲ್ಲಿ ಅಡಿಕೆ ಅಥವಾ ಪುದೀನ ಮಿಠಾಯಿ ಇಲ್ಲದೆ ಬರಲು ಹಿಂದಿನ ದಿನವೇ ಹೇಳಿ. ಕಾಫಿ, ಟೀ ಕುಡಿಯುವವರು ಮೂರು ದಿನವೂ ಒಂದೇ ರೀತಿ ಇರಲಿ. ‘ಇದು ಚುರುಕು ಮಾಡುತ್ತದೆ’ ಎಂಬ ಮಾತು ಯಾರ ಬಾಯಲ್ಲೂ ಬರಬಾರದು. ‘ಬೇರೆ ಬೇರೆ ವಾಸನೆ ಎಷ್ಟು ಹಿತ ಅನ್ನಿಸುತ್ತದೆ ಎಂದು ಕೇಳುತ್ತೇವೆ, ಜೊತೆಗೆ ಒಂದು ಬರಹದ ಕೆಲಸ ಇದೆ’ ಎಂದಷ್ಟೇ ಹೇಳಿ. ಮುಗಿದ ಮೇಲೆ ಪೂರ್ತಿ ಉದ್ದೇಶ ವಿವರಿಸುವುದು ನಿಮ್ಮ ಕರ್ತವ್ಯ.

ಲೆಕ್ಕ ಹೀಗೆ. ಗುರುತಿನ ತನಕ ದಾಟಿದ ‘ಷ’ಗಳಲ್ಲಿ ಎಷ್ಟು ಬಿಟ್ಟುಹೋದವು ಎಂಬುದು ಶೇಕಡಾವಾರು. ತಪ್ಪು ಅಕ್ಷರಕ್ಕೆ ಬಿದ್ದ ಗೀಟುಗಳನ್ನು ಬೇರೆ ಎಣಿಸಿ. ಎಷ್ಟು ಅಕ್ಷರ ದಾಟಿದರು ಎಂಬುದನ್ನೂ ಬರೆದಿಡಿ, ಏಕೆಂದರೆ ಕೆಲವರು ನಿಧಾನವಾಗಿ ತಪ್ಪು ಕಡಿಮೆ ಮಾಡುತ್ತಾರೆ, ಅದು ಗಮನ ಹೆಚ್ಚಿದ್ದಲ್ಲ. ಒಬ್ಬೊಬ್ಬರಲ್ಲೂ ಮೊದಲ ಹಾಳೆಗಿಂತ ಆರನೆಯ ಹಾಳೆಯಲ್ಲಿ ಬಿಟ್ಟುಹೋದವು ಎಷ್ಟು ಏರಿದವು ಎಂಬುದೇ ಮುಖ್ಯ ಸಂಖ್ಯೆ. ಪೆಪ್ಪರ್‌ಮಿಂಟ್ ದಿನ ಈ ಏರಿಕೆ ಪ್ಯಾರಾಫಿನ್ ದಿನಕ್ಕಿಂತ ಕಡಿಮೆ ಇದ್ದವರು ಎಷ್ಟು ಮಂದಿ? ಏನೂ ಪರಿಣಾಮ ಇಲ್ಲದಿದ್ದರೆ 24ರಲ್ಲಿ 12ರ ಆಸುಪಾಸು. 18 ಅಥವಾ ಹೆಚ್ಚು ಬಂದರೆ, ಬರಿ ಆಕಸ್ಮಿಕದಿಂದ ಹಾಗಾಗುವ ಸಂಭವ ನೂರಕ್ಕೆ ಸುಮಾರು ಒಂದು. 14 ಬಂದರೆ ಉತ್ಸಾಹ ಪಡಬೇಡಿ.

ಆಮೇಲೆ ಗುಲಾಬಿಯನ್ನು ನೋಡಿ. ಗುಲಾಬಿಯೂ ಪೆಪ್ಪರ್‌ಮಿಂಟಿನಷ್ಟೇ ತಡೆದಿದ್ದರೆ ಕೆಲಸ ಮಾಡಿದ್ದು ತಂಪಿನ ನರವಲ್ಲ, ಯಾವುದಾದರೊಂದು ವಾಸನೆ ಬಂತು ಎಂಬ ಹೊಸತನ ಅಥವಾ ನಿರೀಕ್ಷೆ. ವಾರ್ಮ್ ಅವರ ಫಲಿತಾಂಶ ಈ ಕಡೆ ವಾಲುತ್ತದೆ. ಪೆಪ್ಪರ್‌ಮಿಂಟ್ ಮಾತ್ರ ತಡೆದು ಗುಲಾಬಿ ತಡೆಯದಿದ್ದರೆ ಟ್ರೈಜೆಮಿನಲ್ ಕಡೆ ಬೆರಳು ಹೋಗುತ್ತದೆ. ಎರಡೂ ತಡೆಯದಿದ್ದರೆ ಅದನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಡಿ. ವಾಸನೆಯ ಅಧ್ಯಯನಗಳಲ್ಲಿ ‘ಏನೂ ಕಾಣಲಿಲ್ಲ’ ಎಂಬ ವರದಿಗಳು ಡ್ರಾಯರಿನಲ್ಲೇ ಉಳಿಯುವುದರಿಂದ ಎಣ್ಣೆಗಳ ಹೆಸರು ಇರುವುದಕ್ಕಿಂತ ದೊಡ್ಡದಾಗಿದೆ.

ಎಣ್ಣೆ ಕೊಳ್ಳುವಾಗ ಹೆಸರಿನ ಜೊತೆ ಸಸ್ಯದ ಜಾತಿ ಕೇಳಿ. ಉತ್ತರ ಪ್ರದೇಶದಲ್ಲಿ ಹೇರಳವಾಗಿ ಬೆಳೆಯುವ ಮೆಂಥಾ ಆರ್ವೆನ್ಸಿಸ್ ಎಣ್ಣೆಯಲ್ಲಿ ಮೆಂಥಾಲ್ ಮುಕ್ಕಾಲು ಪಾಲಿನ ಹತ್ತಿರ ಇರುತ್ತದೆ, ನಿಜವಾದ ಪೆಪ್ಪರ್‌ಮಿಂಟಿನಲ್ಲಿ ಅರ್ಧಕ್ಕಿಂತ ಕಡಿಮೆ. ಎರಡನ್ನೂ ‘ಪುದೀನ ಎಣ್ಣೆ’ ಎಂದೇ ಮಾರುತ್ತಾರೆ, ಎರಡು ಹನಿಯ ಲೆಕ್ಕ ಅಲ್ಲೇ ತಪ್ಪುತ್ತದೆ. ನೀಲಗಿರಿಯದೂ ಇದೇ ಕತೆ. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಮ್ಮ ನಂದಿ ಬೆಟ್ಟದಲ್ಲಿ ನೀಲಗಿರಿ ನೆಡಿಸಿದ್ದೇ ದೇಶದಲ್ಲಿ ಮೊದಲು ಎನ್ನುತ್ತಾರೆ. ಆ ಸಂತತಿಯ, ಮೈಸೂರು ಗಮ್ ಎಂಬ ನೀಲಗಿರಿ ಕೋಲಾರ, ಚಿಕ್ಕಬಳ್ಳಾಪುರದ ಬಯಲನ್ನೆಲ್ಲ ತುಂಬಿತು. ಆದರೆ ಔಷಧದ ನೀಲಗಿರಿ ಎಣ್ಣೆ ಬರುವುದು ತಂಪು ಬೆಟ್ಟದ ಗ್ಲೋಬುಲಸ್ ಜಾತಿಯಿಂದ, ಅದರಲ್ಲಿ ಸಿನಿಯೋಲ್ ಶೇ. 70ರ ಮೇಲಿರಬೇಕು. ಹೊಲದಂಚಿನ ಎಲೆ ಹಿಂಡಿ ತಂದ ಎಣ್ಣೆಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಅಡುಗೆ ಎಣ್ಣೆ ಬೆರಕೆ ಇದೆಯೇ ಎಂದು ನೋಡಲು ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಒಂದು ದಿನ ಇಡಿ, ಜಿಡ್ಡಿನ ಕಲೆ ಉಳಿದರೆ ಅನುಮಾನ ಪಡಿ. ನಿಂಬೆ, ಕಿತ್ತಳೆ ಎಣ್ಣೆಗಳು ಗಾಳಿ ಬೆಳಕಿಗೆ ಬೇಗ ಕೆಡುತ್ತವೆ, ಕೆಟ್ಟದ್ದು ಚರ್ಮಕ್ಕೆ ತಾಗಿದರೆ ಉರಿ, ತುರಿಕೆ.

ಮೆಂಥಾಲ್, ಕರ್ಪೂರ, ನೀಲಗಿರಿ ಇವನ್ನು ಎಳೆ ಮಕ್ಕಳ ಮೂಗಿನ ಹತ್ತಿರ ತರಲೇಬೇಡಿ. ನೆಗಡಿಯಾದ ಕೂಸಿನ ಮೂಗಿಗೆ ಬಾಮು ಸವರುವುದು, ಬಟ್ಟೆಗೆ ಕರ್ಪೂರ ಕಟ್ಟುವುದು ಇವತ್ತಿಗೂ ಮನೆಗಳಲ್ಲಿ ನಡೆಯುತ್ತಿದೆ. ಮೆಂಥಾಲಿನ ತಂಪಿಗೆ ಕೂಸಿನ ಗಂಟಲು ಬಿಗಿದು ಉಸಿರು ನಿಲ್ಲಬಹುದು, ಕರ್ಪೂರದಿಂದ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆ ಒಂದು ಚಮಚಕ್ಕಿಂತ ಕಡಿಮೆ ಹೊಟ್ಟೆಗೆ ಹೋದರೂ ಮಗುವಿಗೆ ಪ್ರಾಣಾಪಾಯ. ನುಂಗಿದ್ದು ಗೊತ್ತಾದರೆ ವಾಂತಿ ಮಾಡಿಸದೆ ಸೀಸೆಯನ್ನೂ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ. ದಮ್ಮು, ಮೂರ್ಛೆರೋಗ ಇರುವವರನ್ನು, ಗರ್ಭಿಣಿಯರನ್ನು ನಮ್ಮ ಪ್ರಯೋಗಕ್ಕೆ ಸೇರಿಸುವುದು ಬೇಡ.

ಕೊನೆಗೆ, ಬಂದಿರುವ ಚೀಟಿಗಳಲ್ಲಿ ಮೂರರಲ್ಲಿ ಒಂದೇ ಪ್ರಶ್ನೆ ಇದೆ: ರಾತ್ರಿ ಗಾಡಿ ಓಡಿಸುವಾಗ ಬಾಮು ಮೂಸಿದರೆ ನಿದ್ದೆ ತಡೆಯುತ್ತದೆಯೇ? ಬಾಗೇಪಲ್ಲಿ ಕಡೆಯಿಂದ ಹೆದ್ದಾರಿಯಲ್ಲಿ ಬೆಳಗಿನ ಜಾವ ಬರುವ ಲಾರಿ, ಟೊಮೆಟೊ ಗಾಡಿಗಳ ಚಾಲಕರು ಇದನ್ನು ಮಾಡುತ್ತಾರೆ. ಇಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ, ಅದನ್ನು ನಂಬಬೇಡಿ. ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ಎಚ್ಚರವಾಗಿರುವವರ ಬೇಸರದ ಮಾತು. ನಿದ್ದೆ ಬಾಕಿ ಇರುವವರ ಮಿದುಳು ಕಣ್ಣು ತೆರೆದಿದ್ದಾಗಲೇ ಮೂರು ನಾಲ್ಕು ಸೆಕೆಂಡು ಆರಿಹೋಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡು ಅಂದರೆ ಸುಮಾರು 67 ಮೀಟರ್. ಬಾಮಿನ ಚುರುಕು ‘ಎಚ್ಚರವಾಗಿದ್ದೇನೆ’ ಎಂಬ ಧೈರ್ಯ ಕೊಡುತ್ತದೆ, ಆ ಮೂರು ಸೆಕೆಂಡನ್ನು ತಡೆಯುವುದಿಲ್ಲ. ಕಣ್ಣ ಸುತ್ತ ಸವರಿದರೆ ನೀರು ಬಂದು ನೋಟವೂ ಮಬ್ಬಾಗುತ್ತದೆ. ಗಾಡಿಯನ್ನು ಬಂಕಿನಲ್ಲೋ ಡಾಬಾದ ಬಯಲಲ್ಲೋ ನಿಲ್ಲಿಸಿ, ಒಂದು ಸ್ಟ್ರಾಂಗ್ ಕಾಫಿ ಕುಡಿದು, ಕೂಡಲೇ 15ರಿಂದ 20 ನಿಮಿಷ ಮಲಗಿ. ಕಾಫಿ ಮೈಗೆ ಹತ್ತಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು, ಏಳುವಾಗ ಎರಡರ ಫಲವೂ ಒಟ್ಟಿಗೆ ಸಿಗುತ್ತದೆ. ಅದೂ ಒಂದೆರಡು ಗಂಟೆಯ ಮಟ್ಟಿಗೆ. ಆಮೇಲೂ ಕಣ್ಣು ಎಳೆದರೆ ಸ್ಟಿಯರಿಂಗನ್ನು ಇನ್ನೊಬ್ಬರಿಗೆ ಕೊಡಿ, ಇನ್ನೊಬ್ಬರಿಲ್ಲದಿದ್ದರೆ ಬೆಳಗಾಗುವ ತನಕ ಗಾಡಿ ಅಲ್ಲೇ ಇರಲಿ.